ಮನೆಯಲ್ಲೇ ಕಾರು ರಿಪೇರಿಗೆ ಹೈಡ್ರಾಲಿಕ್ ಪ್ರೆಸ್: ಎಷ್ಟು ಟನ್ ಬೇಕು, ಏನು ನೋಡಿ ಕೊಳ್ಳಬೇಕು, ಯಾರಿಗೆ ಬೇಡವೇ ಬೇಡ?

ಉಡುಪಿ: ಕರಾವಳಿಯಲ್ಲಿ ಕಾರು ಇಟ್ಟುಕೊಂಡವರಿಗೆ ತುಕ್ಕು ಹೊಸ ವಿಷಯವಲ್ಲ. ಮಲ್ಪೆ, ಕಾಪು, ಮರವಂತೆ ಕಡೆ ಕಡಲ ಗಾಳಿಯ ಉಪ್ಪು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೀರು, ಹೊಂಡ ಬಿದ್ದ ರಸ್ತೆ. ಇವೆಲ್ಲದರ ಹೊಡೆತ ಮೊದಲು ಬೀಳುವುದು ಚಕ್ರದ ಬೇರಿಂಗ್ ಮತ್ತು ಸಸ್ಪೆನ್ಶನ್ ಬುಷ್‌ಗಳ ಮೇಲೆ. ಎರಡನ್ನೂ ಸ್ಪ್ಯಾನರ್‌ನಿಂದ ಬಿಚ್ಚಲು ಆಗುವುದಿಲ್ಲ. ಬಿಗಿಯಾಗಿ ಒತ್ತಿ ಕೂರಿಸಿದ ಭಾಗಗಳಾದ್ದರಿಂದ ತೆಗೆಯಲೂ ಒತ್ತಬೇಕು, ಹಾಕಲೂ ಒತ್ತಬೇಕು. ಅದಕ್ಕೆ ಬೇಕಾದದ್ದು ಪ್ರೆಸ್.

ಮನೆಯಲ್ಲೇ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರು ಈಗ ಊರೂರಲ್ಲೂ ಇದ್ದಾರೆ. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಕೈಗೆ ಹತ್ತಿದ ಮೇಲೆ ಮುಂದಿನ ಆಸೆ ಸಾಮಾನ್ಯವಾಗಿ ಒಂದು ಹೈಡ್ರಾಲಿಕ್ ಪ್ರೆಸ್. ಆನ್‌ಲೈನ್‌ನಲ್ಲಿ 6 ಟನ್‌ನಿಂದ 50 ಟನ್‌ವರೆಗೆ ಬೇಕಾದಷ್ಟು ಸಿಗುತ್ತವೆ. ವೆಲ್ಡಿಂಗ್ ಶೆಡ್‌ನಲ್ಲಿ ಹೇಳಿ ಮಾಡಿಸುವವರೂ ಇದ್ದಾರೆ. ಆದರೆ ಇದು ಸ್ಪ್ಯಾನರ್ ಸೆಟ್ ಕೊಂಡ ಹಾಗಲ್ಲ. ತಪ್ಪು ಪ್ರೆಸ್ ಅಥವಾ ತಪ್ಪಾಗಿ ಬಳಸಿದ ಪ್ರೆಸ್ ಹೊಸ ಬೇರಿಂಗ್ ಅನ್ನು ಹಾಳು ಮಾಡಬಹುದು, ಕೆಲವೊಮ್ಮೆ ಕಣ್ಣನ್ನೂ ಕಳೆಯಬಹುದು. ಹಾಗಾಗಿ ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಪ್ರೆಸ್ ಯಾವ ಕೆಲಸಕ್ಕೆ ಬೇಕು?

ಮನೆ ಮಟ್ಟದ ಕಾರು ರಿಪೇರಿಯಲ್ಲಿ ಪ್ರೆಸ್ ನಿಜವಾಗಿ ಬೇಕಾಗುವ ಕೆಲಸಗಳು ಕೆಲವೇ:

• ಚಕ್ರದ ಬೇರಿಂಗ್: ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳ ಮುಂದಿನ ಚಕ್ರದ ಬೇರಿಂಗ್ ಅನ್ನು ಸ್ಟೀರಿಂಗ್ ನಕಲ್‌ನ ಒಳಗೆ ಒತ್ತಿ ಕೂರಿಸಿರುತ್ತಾರೆ. ಆ ಬೇರಿಂಗ್ ಒಳಗೆ ಮತ್ತೆ ಹಬ್ ಅನ್ನು ಒತ್ತಿರುತ್ತಾರೆ.
• ಲೋವರ್ ಆರ್ಮ್ ಬುಷ್: ರಬ್ಬರ್ ಹರಿದಾಗ ಹೊಂಡದಲ್ಲಿ ಟಕ್ ಟಕ್ ಸದ್ದು ಬರುತ್ತದೆ, ಬ್ರೇಕ್ ಹಿಡಿದಾಗ ಸ್ಟೀರಿಂಗ್ ಎಳೆಯುತ್ತದೆ.
• ಯುಜೆ ಕ್ರಾಸ್: ಬೊಲೆರೊ, ಓಮ್ನಿ, ಟಾಟಾ ಏಸ್‌ನಂಥ, ಪ್ರೊಪೆಲ್ಲರ್ ಶಾಫ್ಟ್ ಇರುವ ಗಾಡಿಗಳಲ್ಲಿ.
• ಒತ್ತಿ ಕೂರಿಸಿದ ಬಾಲ್ ಜಾಯಿಂಟ್, ಗೇರ್ ಮತ್ತು ಆಲ್ಟರ್ನೇಟರ್‌ನ ಬೇರಿಂಗ್‌ಗಳು, ಬಾಗಿದ ಬ್ರ್ಯಾಕೆಟ್ ನೇರ ಮಾಡುವುದು.

ಎಲ್ಲ ಕಾರಿನ ಎಲ್ಲ ಬೇರಿಂಗ್‌ಗೂ ಪ್ರೆಸ್ ಬೇಕಿಲ್ಲ ಎನ್ನುವುದನ್ನೂ ಗಮನಿಸಿ. ಹಲವು ಕಾರುಗಳಲ್ಲಿ ಹಬ್ ಮತ್ತು ಬೇರಿಂಗ್ ಒಂದೇ ಜೋಡಿಯಾಗಿ ಬೋಲ್ಟ್ ಮೇಲೆ ನಿಂತಿರುತ್ತವೆ. ನಾಲ್ಕು ಬೋಲ್ಟ್ ಬಿಚ್ಚಿ ಹೊಸದು ಹಾಕಿದರೆ ಮುಗೀತು. ನಿಮ್ಮ ಕಾರಿನಲ್ಲಿ ಯಾವ ವ್ಯವಸ್ಥೆ ಇದೆ ಅಂತ ಮೊದಲು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ಪ್ರೆಸ್ ತಂದಿಟ್ಟ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ.

ಮೊದಲು ಲೆಕ್ಕ: ಕೊಳ್ಳಬೇಕೋ, ಬೇಡವೋ?

ಒಂದು ಕಾರು ಇರುವ ಮನೆಯಲ್ಲಿ ಪ್ರೆಸ್‌ನ ಕೆಲಸ ವರ್ಷಕ್ಕೊಮ್ಮೆಯೂ ಬರದೇ ಇರಬಹುದು. ಹತ್ತಿರದ ಲೇತ್ ಅಂಗಡಿಯಲ್ಲಿ ಒಂದು ಬೇರಿಂಗ್ ಒತ್ತಿ ಕೊಡಲು ಎಷ್ಟು ತಗೊಳ್ತಾರೆ ಅಂತ ವಿಚಾರಿಸಿ. ಪ್ರೆಸ್‌ನ ಬೆಲೆಯನ್ನು ಆ ಮೊತ್ತದಿಂದ ಭಾಗಿಸಿ. ಬರುವ ಸಂಖ್ಯೆ 40 ಅಂತಾದರೆ 40 ಬೇರಿಂಗ್ ಬದಲಿಸಿದ ಮೇಲಷ್ಟೇ ನಿಮ್ಮ ದುಡ್ಡು ಹುಟ್ಟುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ನಡುದಾರಿ ಇದೆ. ಮನೆಯಲ್ಲೇ ಚಕ್ರ, ಬ್ರೇಕ್ ಬಿಚ್ಚಿ ನಕಲ್ ಮಾತ್ರ ಕಳಚಿಕೊಂಡು ಲೇತ್ ಅಂಗಡಿಗೆ ಒಯ್ಯುವುದು. ಬೇರಿಂಗ್ ಅಲ್ಲಿ ಒತ್ತಿಸಿ ತಂದು ಮನೆಯಲ್ಲಿ ಜೋಡಿಸಿದರೆ ಗ್ಯಾರೇಜಿನ ಬಿಚ್ಚುವ-ಜೋಡಿಸುವ ಮಜೂರಿ ಉಳಿಯುತ್ತದೆ. ಪ್ರೆಸ್ ಇಡುವ ಜಾಗವೂ ಬೇಡ. ಒಂದೇ ಕಾರು ಇರುವವರಿಗೆ ಇದೇ ಒಳ್ಳೆಯ ದಾರಿ.

ಹಾಗಾದರೆ ಪ್ರೆಸ್ ಯಾರು ಕೊಳ್ಳಬಹುದು? ಮನೆಯಲ್ಲಿ ಮೂರ್ನಾಲ್ಕು ಗಾಡಿ ಇರುವವರು, ಹಳೆಯ ಕಾರು ಅಥವಾ ಜೀಪು ಕಟ್ಟುವ ಹವ್ಯಾಸ ಇರುವವರು, ಮೀನು ಸಾಗಿಸುವ ಗಾಡಿ ಓಡಿಸುವವರು, ಹತ್ತಿರದಲ್ಲಿ ಲೇತ್ ಅಂಗಡಿ ಇಲ್ಲದ ಹಳ್ಳಿಯವರು. ಪವರ್ ಟಿಲ್ಲರ್, ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರದ ಬೇರಿಂಗ್‌ಗಳನ್ನೂ ಇದರಲ್ಲೇ ಹಾಕಬಹುದು ಎನ್ನುವುದು ಕೃಷಿಕರ ಮನೆಗೆ ಹೆಚ್ಚುವರಿ ಲಾಭ.

ಕೈಯ 25 ಕೆಜಿ ಬಲ 10 ಟನ್ ಆಗುವುದು ಹೇಗೆ?

ಹೈಡ್ರಾಲಿಕ್ ಪ್ರೆಸ್‌ನ ತತ್ವ ಪ್ಯಾಸ್ಕಲ್ ನಿಯಮ. ಮುಚ್ಚಿದ ಜಾಗದಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಇದನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದರು. ಇವತ್ತಿನ ಬಾಟಲ್ ಜ್ಯಾಕ್‌ನಲ್ಲೂ ಅದೇ ತತ್ವ.

ಒಂದು ಉದಾಹರಣೆ ನೋಡೋಣ. ಪಂಪಿನ ಸಣ್ಣ ಪಿಸ್ಟನ್ 10 ಮಿ.ಮೀ., ಮೇಲೇಳುವ ದೊಡ್ಡ ಪಿಸ್ಟನ್ 50 ಮಿ.ಮೀ. ವ್ಯಾಸದ್ದು ಅಂದುಕೊಳ್ಳಿ. ವ್ಯಾಸ 5 ಪಟ್ಟು, ಹಾಗಾಗಿ ವಿಸ್ತೀರ್ಣ 25 ಪಟ್ಟು. ಹಿಡಿಕೆಯ ಸನ್ನೆ ನಿಮ್ಮ ಬಲವನ್ನು 16 ಪಟ್ಟು ಮಾಡುತ್ತದೆ ಅಂದರೆ, ಕೈಯಲ್ಲಿ ಹಾಕುವ 25 ಕೆಜಿ ಬಲ ಸಣ್ಣ ಪಿಸ್ಟನ್ ಮೇಲೆ 400 ಕೆಜಿ ಆಗುತ್ತದೆ. ದೊಡ್ಡ ಪಿಸ್ಟನ್‌ನಲ್ಲಿ ಅದು 25 ಪಟ್ಟಾಗಿ 10,000 ಕೆಜಿ, ಅಂದರೆ 10 ಟನ್.

ಪುಕ್ಕಟೆ ಏನೂ ಸಿಗುವುದಿಲ್ಲ. ಸಣ್ಣ ಪಿಸ್ಟನ್ 25 ಮಿ.ಮೀ. ಇಳಿದರೆ ದೊಡ್ಡದು ಏಳುವುದು ಬರೇ 1 ಮಿ.ಮೀ. ಅಂದರೆ 100 ಮಿ.ಮೀ. ಒತ್ತಬೇಕಿದ್ದರೆ 100 ಸಲ ಹಿಡಿಕೆ ಆಡಿಸಬೇಕು. ಈ ನಿಧಾನ ತೊಂದರೆಯಲ್ಲ, ಅನುಕೂಲ. ಭಾಗ ಓರೆಯಾಗುತ್ತಿದೆಯಾ ಅಂತ ನೋಡಿಕೊಂಡು ನಿಲ್ಲಿಸಲು ಸಮಯ ಸಿಗುತ್ತದೆ.

ಒಳಗಿನ ಒತ್ತಡ ಎಷ್ಟಿರುತ್ತದೆ ಎನ್ನುವುದನ್ನೂ ತಿಳಿದಿರಿ. 50 ಮಿ.ಮೀ. ಪಿಸ್ಟನ್‌ನಲ್ಲಿ 10 ಟನ್ ಬರಬೇಕಾದರೆ ಎಣ್ಣೆಯ ಒತ್ತಡ ಸುಮಾರು 500 ಬಾರ್. ನಿಮ್ಮ ಕಾರಿನ ಟಯರ್‌ನಲ್ಲಿರುವುದು ಸುಮಾರು 2.2 ಬಾರ್. ಇನ್ನೂರು ಪಟ್ಟಿಗಿಂತಲೂ ಹೆಚ್ಚು! ಹಾಗಾಗಿ ಸೋರುವ ಜ್ಯಾಕ್ ಅಂದರೆ ಸಣ್ಣ ವಿಷಯ ಅಲ್ಲ.

ಎಷ್ಟು ಟನ್ ಬೇಕು?

6 ಟನ್: ಮೇಜಿನ ಮೇಲಿಡುವ ಸಣ್ಣ ಪ್ರೆಸ್. ಆಲ್ಟರ್ನೇಟರ್ ಬೇರಿಂಗ್, ಬೈಕಿನ ಬೇರಿಂಗ್, ಸಣ್ಣ ಬುಷ್‌ಗೆ ಸಾಕು. ಕಾರಿನ ಚಕ್ರದ ಬೇರಿಂಗ್‌ಗೆ ನಂಬಬೇಡಿ.

10–12 ಟನ್: ಸಣ್ಣ ಕಾರಿನ ಕೆಲಸ ಬಹುತೇಕ ಆಗುತ್ತದೆ. ಆದರೆ ತುಕ್ಕು ಹಿಡಿದು ಕಚ್ಚಿಕೊಂಡ ಬೇರಿಂಗ್ ಬಂದರೆ ಪ್ರೆಸ್ ತನ್ನ ಮಿತಿಗೆ ಬಂದು ನಿಲ್ಲುತ್ತದೆ. ಕರಾವಳಿಯ ಗಾಡಿಗಳಲ್ಲಿ ಇದೇ ಹೆಚ್ಚು.

20 ಟನ್: ಮನೆ ಬಳಕೆಗೆ ಹೇಳಿ ಮಾಡಿಸಿದ ಅಳತೆ. ಹ್ಯಾಚ್‌ಬ್ಯಾಕ್‌ನಿಂದ ಬೊಲೆರೊವರೆಗೆ ಎಲ್ಲವೂ ಬರುತ್ತದೆ. ಹೆಚ್ಚಿನ ಕೆಲಸಗಳು ಇದರ ಅರ್ಧ ಶಕ್ತಿಯಲ್ಲೇ ಮುಗಿಯುವುದರಿಂದ ಫ್ರೇಮ್, ಸೀಲ್ ಎರಡೂ ಬಾಳಿಕೆ ಬರುತ್ತವೆ.

30 ಟನ್ ಮತ್ತು ಮೇಲೆ: ಲಾರಿ, ಟ್ರ್ಯಾಕ್ಟರ್ ಕೆಲಸದ ಗ್ಯಾರೇಜಿಗೆ. ಮನೆಗೆ ಬೇಡ. ಹೆಚ್ಚು ಟನ್ ಇದ್ದರೆ ಹೆಚ್ಚು ಒಳ್ಳೆಯದು ಎನ್ನುವುದು ತಪ್ಪು ಎಣಿಕೆ. ಬಲ ಹೆಚ್ಚಾದಷ್ಟೂ ಏನಾದರೂ ಮುರಿದಾಗ ಸಿಡಿಯುವ ವೇಗವೂ ಹೆಚ್ಚು.

ಟನ್ ನೋಡಿದರೆ ಸಾಲದು, ಫ್ರೇಮ್ ನೋಡಿ

ಜ್ಯಾಕ್ ಮೇಲೆ 20 ಟನ್ ಅಂತ ಬರೆದಿದ್ದರೆ ಪ್ರೆಸ್ 20 ಟನ್‌ದು ಆಗುವುದಿಲ್ಲ. ಜ್ಯಾಕ್, ಫ್ರೇಮ್, ಪಿನ್ ಈ ಮೂರರಲ್ಲಿ ಯಾವುದು ದುರ್ಬಲವೋ ಅದರ ಶಕ್ತಿಯೇ ಪ್ರೆಸ್‌ನ ಶಕ್ತಿ.

ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಪಿನ್. ಎರಡು ಕಂಬಗಳ ತೂತುಗಳಲ್ಲಿ ತೂರಿಸಿದ ಎರಡು ಪಿನ್‌ಗಳ ಮೇಲೆಯೇ ಕೆಳಗಿನ ಅಡ್ಡಪಟ್ಟಿ ಕೂತಿರುತ್ತದೆ. 20 ಟನ್ ಭಾರ ಬಿದ್ದಾಗ ಎರಡು ಪಿನ್‌ಗಳ ನಾಲ್ಕು ಕಡೆ ತಲಾ 5 ಟನ್ ಕತ್ತರಿಸುವ ಬಲ ಬರುತ್ತದೆ. 20 ಮಿ.ಮೀ. ಪಿನ್‌ನ ಅಡ್ಡಕೊಯ್ತದ ವಿಸ್ತೀರ್ಣ 3.14 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1,590 ಕೆಜಿ. ಸಾಮಾನ್ಯ ಮೈಲ್ಡ್ ಸ್ಟೀಲ್ ಇಂಥ ಬಲಕ್ಕೆ ಸುಮಾರು 1,450 ಕೆಜಿ ಹೊತ್ತಿಗೇ ಬಾಗಲು ಶುರುವಾಗುತ್ತದೆ. ಅದೇ 25 ಮಿ.ಮೀ. ಪಿನ್ ಆದರೆ ಬೀಳುವುದು ಸುಮಾರು 1,020 ಕೆಜಿ ಮಾತ್ರ. ಐದು ಮಿಲಿಮೀಟರ್ ಅಂತರ ಎಷ್ಟು ದೊಡ್ಡದು ನೋಡಿ.

ಹಾಗಾಗಿ 20 ಟನ್ ಪ್ರೆಸ್‌ನಲ್ಲಿ ಪಿನ್ ಕನಿಷ್ಠ 25 ಮಿ.ಮೀ. ಇರಲಿ, ಹೈಟೆನ್ಸೈಲ್ ಉಕ್ಕಿನದ್ದಾದರೆ ಇನ್ನೂ ಒಳ್ಳೆಯದು. ಪಿನ್ ಕಳೆದುಹೋಯಿತು ಅಂತ ಮನೆ ಕಟ್ಟುವ ಕಬ್ಬಿಣದ ಸರಳು ತೂರಿಸುವ ಕೆಲಸ ಮಾತ್ರ ಯಾವ ಕಾಲಕ್ಕೂ ಮಾಡ್ಬೇಡಿ.

ಫ್ರೇಮ್‌ನಲ್ಲಿ ನೋಡಬೇಕಾದ ಉಳಿದ ವಿಷಯಗಳು:

• ಕಂಬ ಮತ್ತು ಅಡ್ಡಪಟ್ಟಿ ದಪ್ಪ ಚಾನೆಲ್‌ನದ್ದಾಗಿರಬೇಕು. ತಗಡು ಮಡಚಿ ಮಾಡಿದ್ದು ಭಾರಕ್ಕೆ ತಿರುಚುತ್ತದೆ.
• ವೆಲ್ಡಿಂಗ್ ಉದ್ದಕ್ಕೂ ಒಂದೇ ಸಮನೆ ಇರಬೇಕು. ಅಲ್ಲಲ್ಲಿ ಚುಕ್ಕೆ ಇಟ್ಟಿದ್ದು, ಗುಳ್ಳೆ ಬಿದ್ದಿದ್ದು, ಬಿರುಕು ಮುಚ್ಚಲು ದಪ್ಪ ಬಣ್ಣ ಬಳಿದಿದ್ದು ಕಂಡರೆ ಬಿಟ್ಟುಬಿಡಿ.
• ಬೋಲ್ಟ್ ಹಾಕಿ ಜೋಡಿಸುವ ಫ್ರೇಮ್ ಆದರೆ ಬೋಲ್ಟ್ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆ ಇರಬೇಕು.
• ರ‍್ಯಾಮ್ ನೇರವಾಗಿ ಇಳಿಯಬೇಕು. ಮೂಲೆಮಟ್ಟ ಇಟ್ಟು ನೋಡಿ. ಓರೆ ಇಳಿದರೆ ಬೇರಿಂಗ್ ಓರೆ ಕೂರುತ್ತದೆ.
• ಎರಡು ಕಂಬಗಳ ನಡುವೆ ಕನಿಷ್ಠ 45 ಸೆಂ.ಮೀ. ಜಾಗ ಇದ್ದರೆ ನಕಲ್ ಆಡಿಸಲು ಸುಲಭ. ಉದ್ದದ ಆಕ್ಸಲ್ ಶಾಫ್ಟ್ ಕೆಲಸ ಇದ್ದರೆ ಎತ್ತರವನ್ನೂ ಅಳೆದುಕೊಳ್ಳಿ.

20 ಟನ್ ಬಲಕ್ಕೆ ಮನೆಯ ನೆಲ ಒಡೆದೀತೇ ಎನ್ನುವುದು ಹಲವರ ಆತಂಕ. ಒಡೆಯುವುದಿಲ್ಲ. ಒತ್ತುವ ಬಲ ಫ್ರೇಮ್‌ನ ಒಳಗೇ ಸುತ್ತಿ ಮುಗಿಯುತ್ತದೆ. ನೆಲಕ್ಕೆ ಬೀಳುವುದು ಪ್ರೆಸ್ ಮತ್ತು ಭಾಗದ ತೂಕ ಮಾತ್ರ. ಆದರೂ ಟೈಲ್ಸ್ ಮೇಲೆ ಇಡಬೇಡಿ. ಕಾಂಕ್ರೀಟ್ ನೆಲಕ್ಕೆ ಆಂಕರ್ ಬೋಲ್ಟ್ ಹಾಕಿ ಭದ್ರ ಮಾಡಿ, ಇಲ್ಲದಿದ್ದರೆ ತಲೆಭಾರಕ್ಕೆ ವಾಲುತ್ತದೆ.

ಜ್ಯಾಕ್ ಯಾವ ಬಗೆಯದ್ದಿರಲಿ?

ಅಗ್ಗದ ಪ್ರೆಸ್‌ಗಳಲ್ಲಿ ಬಾಟಲ್ ಜ್ಯಾಕ್ ನೇರವಾಗಿ ನಿಂತಿರುತ್ತದೆ. ಅದು ಮೇಲಿನ ಪಟ್ಟಿಗೆ ಒದ್ದು, ತಾನು ಕೂತಿರುವ ಪಟ್ಟಿಯನ್ನು ಕೆಳಗೆ ತಳ್ಳುತ್ತದೆ. ಎರಡು ಬದಿಯ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತವೆ. ಕೆಲಸಕ್ಕೆ ಅಡ್ಡಿಯಿಲ್ಲ, ಸ್ವಲ್ಪ ನಿಧಾನ.

ಇನ್ನೊಂದು ಬಗೆಯಲ್ಲಿ ಸಿಲಿಂಡರ್ ಮೇಲೆ, ಕೈಪಂಪು ಬದಿಯಲ್ಲಿ, ನಡುವೆ ಹೋಸ್ ಇರುತ್ತದೆ. ಒತ್ತಡ ತೋರಿಸುವ ಗೇಜ್ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಬೆಲೆ ಹೆಚ್ಚು. ಆದರೆ ಬದಿಯಲ್ಲಿ ನಿಂತು ಪಂಪ್ ಮಾಡಬಹುದು, ಸಿಲಿಂಡರ್ ಸರಿಸಬಹುದು. ಹೆಚ್ಚು ಕೆಲಸ ಇರುವವರಿಗೆ ಇದು ಉತ್ತಮ. ಗಾಳಿಯ ಕಂಪ್ರೆಸರ್‌ನಿಂದ ನಡೆಯುವ ಜ್ಯಾಕ್‌ಗಳೂ ಇವೆ. ಮನೆಗೆ ಅಗತ್ಯ ಇಲ್ಲ. ಕೈಯಲ್ಲಿ ಪಂಪ್ ಮಾಡುವಾಗ ಬಿಗಿ ಎಷ್ಟಾಗುತ್ತಿದೆ ಅಂತ ಕೈಗೇ ಗೊತ್ತಾಗುತ್ತದೆ.

ಗೇಜ್ ಇರುವ ಪ್ರೆಸ್‌ಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಮುಳ್ಳು ಏರುತ್ತಲೇ ಇದೆ, ಭಾಗ ಅಲ್ಲಾಡುತ್ತಿಲ್ಲ ಅಂದರೆ ಏನೋ ಅಡ್ಡ ಇದೆ ಅಂತ ಅರ್ಥ. ಆಗ ಪಂಪ್ ನಿಲ್ಲಿಸಿ, ಒತ್ತಡ ಇಳಿಸಿ, ನೋಡಿ.

ಹೇಳಿ ಮಾಡಿಸುವವರಿಗೆ ಒಂದು ಮಾತು: ಸಾಮಾನ್ಯ ಬಾಟಲ್ ಜ್ಯಾಕ್ ಅನ್ನು ತಲೆಕೆಳಗೆ ಕಟ್ಟಬೇಡಿ. ಪಂಪು ಎಣ್ಣೆ ಎಳೆಯುವ ದಾರಿ ಜ್ಯಾಕ್‌ನ ತಳದಲ್ಲಿರುತ್ತದೆ. ತಿರುಗಿಸಿದರೆ ಅಲ್ಲಿಗೆ ಎಣ್ಣೆಯ ಬದಲು ಗಾಳಿ ಬರುತ್ತದೆ, ಜ್ಯಾಕ್ ಒತ್ತುವುದೇ ಇಲ್ಲ. ವೆಲ್ಡಿಂಗ್ ಮಾಡುವಾಗ ಜ್ಯಾಕ್ ಅನ್ನು ಫ್ರೇಮ್‌ನಿಂದ ತೆಗೆದಿಡಿ, ಶಾಖಕ್ಕೆ ಸೀಲ್ ಸುಡುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ

ಗ್ಯಾರೇಜು ಮುಚ್ಚುವವರು ಮಾರುವ ಹಳೆಯ ಪ್ರೆಸ್ ಕೆಲವೊಮ್ಮೆ ಹೊಸದಕ್ಕಿಂತ ಗಟ್ಟಿ ಇರುತ್ತದೆ. ಹೀಗೆ ಪರೀಕ್ಷಿಸಿ:

1. ರ‍್ಯಾಮ್ ಪೂರ್ತಿ ಹೊರಗೆ ತಂದು ನೋಡಿ. ಹೊಳೆಯುವ ಮೈಮೇಲೆ ತುಕ್ಕಿನ ಗುಳಿ, ಗೀರು ಇದ್ದರೆ ಎಷ್ಟು ಸೀಲ್ ಹಾಕಿದರೂ ಸೋರುತ್ತದೆ.
2. ಗಟ್ಟಿ ಉಕ್ಕಿನ ತುಂಡು ಇಟ್ಟು ಅರ್ಧ ಶಕ್ತಿಗೆ ಒತ್ತಿ, ಹತ್ತು ನಿಮಿಷ ಬಿಡಿ. ಗೇಜ್ ಮುಳ್ಳು ಸರಸರನೆ ಇಳಿದರೆ ಒಳಗಿನ ಸೀಲ್ ಅಥವಾ ವಾಲ್ವ್ ಹೋಗಿದೆ.
3. ಪಿನ್‌ಗಳನ್ನು ಸಪಾಟು ನೆಲದ ಮೇಲೆ ಉರುಳಿಸಿ. ಬಾಗಿದ ಪಿನ್ ಕುಂಟುತ್ತದೆ. ಪಿನ್ ಬಾಗಿದೆ ಅಂದರೆ ಆ ಪ್ರೆಸ್ ಮಿತಿ ಮೀರಿ ದುಡಿದಿದೆ.
4. ಪಿನ್ ತೂತುಗಳು ಗುಂಡಗಿವೆಯಾ, ಮೊಟ್ಟೆಯಾಕಾರಕ್ಕೆ ಹಿಗ್ಗಿವೆಯಾ ನೋಡ್ಕೊಳ್ಳಿ.
5. ಆ ಜ್ಯಾಕ್‌ನ ಸೀಲ್ ಕಿಟ್ ಸಿಗುತ್ತದೆಯೇ ಕೇಳಿ. ಹೊಸದು ಕೊಳ್ಳುವಾಗಲೂ ಈ ಪ್ರಶ್ನೆ ಕೇಳಲೇಬೇಕು. ಬಿಲ್, ವಾರಂಟಿ ಬರಹದಲ್ಲಿ ಇರಲಿ.

ಪ್ರೆಸ್ ಜೊತೆ ಬೇಕಾಗುವ ಸಾಮಾನು

ಪ್ರೆಸ್ ಒಂದೇ ತಂದರೆ ಕೆಲಸ ಆಗುವುದಿಲ್ಲ. ಭಾಗಕ್ಕೆ ಆಧಾರ ಕೊಡಲು ಒಂದು ಜೊತೆ ದಪ್ಪ ಉಕ್ಕಿನ ಪ್ಲೇಟ್, ಬೇರೆ ಬೇರೆ ಅಳತೆಯ ಒತ್ತುವ ಬಿಲ್ಲೆ ಮತ್ತು ಪೈಪ್ ತುಂಡು, ಸರ್ಕ್ಲಿಪ್ ಪ್ಲೈಯರ್, ಹಬ್‌ನಿಂದ ಬಳೆ ಎಳೆಯಲು ಬೇರಿಂಗ್ ಸೆಪರೇಟರ್, ಟಾರ್ಕ್ ರೆಂಚ್ ಬೇಕು. ಪ್ಲೇಟ್ ಎರಕದ ಕಬ್ಬಿಣದ್ದಾಗಿರಬಾರದು. ಎರಕ ಬಾಗುವುದಿಲ್ಲ, ಒಮ್ಮೆಲೇ ಚೂರಾಗುತ್ತದೆ.

ದುಡ್ಡಿಲ್ಲದೆ ಸಿಗುವ ಒಂದು ಉಪಕರಣ ಇದೆ: ಹಳೆಯ ಬೇರಿಂಗ್‌ನ ಹೊರಬಳೆ. ಅದರ ಹೊರಮೈಯನ್ನು ಗ್ರೈಂಡರ್‌ನಲ್ಲಿ ತುಸು ಸವೆಸಿ, ನಕಲ್ ಒಳಗೆ ಸಡಿಲವಾಗಿ ಹೋಗುವಂತೆ ಮಾಡಿಟ್ಟುಕೊಳ್ಳಿ. ಹೊಸ ಬೇರಿಂಗ್ ಒತ್ತಲು ಅದೇ ಅಳತೆಯ ಬಿಲ್ಲೆ ತಯಾರು. ಆದರೆ ಬೇರಿಂಗ್ ಉಕ್ಕು ಗಡಸು. ಬಿರುಕು ಕಂಡ ಬಳೆಯನ್ನು ಗುಜರಿಗೆ ಹಾಕಿ.

ಚಕ್ರದ ಬೇರಿಂಗ್: ಎಲ್ಲರೂ ತಪ್ಪುವ ಜಾಗ

ಮೊದಲು, ನಿಜಕ್ಕೂ ಬೇರಿಂಗ್ ಹೋಗಿದೆಯೇ ಖಚಿತ ಮಾಡಿಕೊಳ್ಳಿ. ವೇಗ ಹೆಚ್ಚಾದಂತೆ ಏರುವ ಗುಂಯ್ ಎನ್ನುವ ಸದ್ದು ಇದರ ಲಕ್ಷಣ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಪಡಿ. ಒರಟು ಸವೆದ ಟಯರ್ ಕೂಡ ಇಂಥದೇ ಸದ್ದು ಮಾಡುತ್ತದೆ, ಹಾಗಾಗಿ ಟಯರ್ ಅದಲುಬದಲು ಮಾಡಿ ಒಮ್ಮೆ ನೋಡಿ.

ಪ್ರೆಸ್ ಕೆಲಸದ ಕ್ರಮ ಇದು:

1. ನಕಲ್ ಅನ್ನು ಪ್ಲೇಟ್‌ಗಳ ಮೇಲೆ ಮಟ್ಟವಾಗಿ ಕೂರಿಸಿ ಹಬ್ ಒತ್ತಿ ಹೊರತೆಗೆಯಿರಿ. ಬೇರಿಂಗ್‌ನ ಒಂದು ಒಳಬಳೆ ಹಬ್‌ಗೇ ಅಂಟಿ ಬರುವುದು ಸಾಮಾನ್ಯ. ಅದನ್ನು ಸೆಪರೇಟರ್‌ನಿಂದ ಎಳೆಯಬೇಕು.
2. ಸರ್ಕ್ಲಿಪ್ ತೆಗೆಯಿರಿ. ತುಕ್ಕು, ಮಣ್ಣಿನಡಿ ಅದು ಕಾಣದೇ ಇರಬಹುದು. ಸರ್ಕ್ಲಿಪ್ ಇದ್ದ ಹಾಗೇ ಒತ್ತಿದರೆ ನಕಲ್ ಒಡೆಯುತ್ತದೆ.
3. ಹಳೆ ಬೇರಿಂಗ್ ಒತ್ತಿ ತೆಗೆದು, ನಕಲ್‌ನ ತೂತನ್ನು ಚೆನ್ನಾಗಿ ಒರೆಸಿ. ತುಕ್ಕನ್ನು ಮೃದುವಾಗಿ ಉಜ್ಜಿ, ಲೋಹ ಸವೆಸಬೇಡಿ. ತೆಳುವಾಗಿ ಎಣ್ಣೆ ಸವರಿ.
4. ಹೊಸ ಬೇರಿಂಗ್ ಅನ್ನು ನಕಲ್‌ಗೆ ಹಾಕುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಿ.
5. ಸರ್ಕ್ಲಿಪ್ ತನ್ನ ಗಾಡಿಯಲ್ಲಿ ಪೂರ್ತಿ ಕೂತಿದೆಯಾ ನೋಡಿ.
6. ಹಬ್ ಒತ್ತುವಾಗ ಬೇರಿಂಗ್‌ನ ಒಳಬಳೆಯ ಕೆಳಗೆ ಪೈಪ್ ತುಂಡಿನ ಆಧಾರ ಕೊಡಿ. ನಕಲ್ ಮೇಲೆ ಆಧಾರ ಕೊಟ್ಟು ಹಬ್ ಒತ್ತಬೇಡಿ.

ನಾಲ್ಕನೇ ಮತ್ತು ಆರನೇ ಹಂತದಲ್ಲಿ ಇಡೀ ವಿದ್ಯೆ ಅಡಗಿದೆ. ಒಂದು ಬಳೆಯನ್ನು ಒತ್ತಿ ಇನ್ನೊಂದಕ್ಕೆ ಆಧಾರ ಕೊಟ್ಟರೆ ಅಷ್ಟೂ ಟನ್ ಬಲ ನಡುವಿನ ಗುಂಡುಗಳ ಮೂಲಕ ಹಾದುಹೋಗುತ್ತದೆ. ಗುಂಡುಗಳು ಓಡುವ ನುಣುಪು ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಅವತ್ತು ಕೈಯಲ್ಲಿ ತಿರುಗಿಸಿದಾಗ ಚೆನ್ನಾಗಿಯೇ ಇರುತ್ತದೆ. ಸ್ವಲ್ಪ ದಿನ ಓಡಿದ ಮೇಲೆ ಹಳೆ ಸದ್ದು ಮತ್ತೆ ಶುರು. 'ಡೂಪ್ಲಿಕೇಟ್ ಬೇರಿಂಗ್ ಕೊಟ್ಟಿದ್ದಾರೆ ಮಾರಾಯ್ರೆ' ಅಂತ ಅಂಗಡಿಯವರಿಗೆ ಬೈಯುವ ಮುಂಚೆ ಒತ್ತಿದ್ದು ಹೇಗೆ ಅಂತ ನೆನಪಿಸಿಕೊಳ್ಳುವುದು ಒಳ್ಳೆಯದು. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗ್ ಬೇಗ ಹೋಗುವುದಕ್ಕೂ ಇದೇ ಕಾರಣ.

ಎಬಿಎಸ್ ಇರುವ ಕಾರುಗಳ ಕೆಲವು ಬೇರಿಂಗ್‌ಗಳಲ್ಲಿ ಒಂದು ಮುಖದ ಸೀಲ್‌ನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಮುಖ ಸೆನ್ಸರ್ ಕಡೆಗೇ ಬರಬೇಕು. ತಿರುಗುಮುರುಗು ಹಾಕಿದರೆ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ, ಬೇರಿಂಗ್ ತೆಗೆದು ಮತ್ತೆ ಹೊಸದೇ ಹಾಕಬೇಕು. ಆ ಪಟ್ಟಿಯ ಮೇಲೆ ಒತ್ತಬಾರದು, ಅದರ ಹತ್ತಿರ ಸ್ಪೀಕರ್ ಮ್ಯಾಗ್ನೆಟ್‌ನಂಥದ್ದು ತರಬಾರದು.

ಜೋಡಿಸಿದ ಮೇಲೆ ಆಕ್ಸಲ್ ನಟ್ ಅನ್ನು ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿದ ನಂತರವೇ ಚಕ್ರದ ಮೇಲೆ ಕಾರಿನ ಭಾರ ಹಾಕಿ. ನಟ್ ಸಡಿಲ ಇರುವಾಗ ಕಾರು ತಳ್ಳಿದರೂ ಬೇರಿಂಗ್ ಹಾಳಾಗಬಹುದು. ಒಮ್ಮೆ ಒತ್ತಿ ತೆಗೆದ ಬೇರಿಂಗ್ ಅನ್ನು ಮತ್ತೆ ಬಳಸುವಂತಿಲ್ಲ.

ಬುಷ್ ಹಾಕುವಾಗ

ಬುಷ್ ತೆಗೆಯುವ ಮೊದಲು ಅದು ಯಾವ ದಿಕ್ಕಿಗೆ ಕೂತಿತ್ತು ಅಂತ ಆರ್ಮ್ ಮೇಲೆ ಗುರುತು ಮಾಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಕೆಲವು ಬುಷ್‌ಗಳ ರಬ್ಬರ್‌ನಲ್ಲಿ ಖಾಲಿ ಜಾಗ ಇರುತ್ತದೆ, ದಿಕ್ಕು ತಪ್ಪಿದರೆ ಬೇಗ ಹರಿಯುತ್ತದೆ. ಹೊರಗಿನ ಉಕ್ಕಿನ ಕವಚದ ಮೇಲೆ ಒತ್ತಿ, ರಬ್ಬರ್ ಅಥವಾ ನಡುವಿನ ಪೈಪ್ ಮೇಲೆ ಅಲ್ಲ. ತಗಡಿನ ಆರ್ಮ್ ಆದರೆ ಬುಷ್‌ನ ಸುತ್ತಲೇ ಆಧಾರ ಕೊಡಿ, ಇಲ್ಲವಾದರೆ ಆರ್ಮ್ ಬಾಗುತ್ತದೆ. ಕೊನೆಯ ಬಿಗಿತವನ್ನು ಕಾರಿನ ಭಾರ ಚಕ್ರದ ಮೇಲಿರುವಾಗ ಮಾಡಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ನಂತರ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಸುರಕ್ಷತೆ: ಇಲ್ಲಿ ಉಳಿತಾಯ ಬೇಡ

ಬೇರಿಂಗ್ ಬಳೆ ಒತ್ತಡದಲ್ಲಿ ಒಡೆದರೆ ಚೂರು ಗುಂಡಿನ ಹಾಗೆ ಹಾರುತ್ತದೆ. ಕನ್ನಡಕ ಮಾತ್ರ ಸಾಲದು, ಪೂರ್ತಿ ಮುಖ ಮುಚ್ಚುವ ಶೀಲ್ಡ್ ಹಾಕಿ. ಒತ್ತುವ ಭಾಗಕ್ಕೆ ದಪ್ಪ ರಬ್ಬರ್ ಶೀಟ್ ಅಥವಾ ಚರ್ಮದ ಹೊದಿಕೆ ಸುತ್ತಿ. ಫ್ರೇಮ್‌ನ ಎದುರು ನಿಲ್ಲದೆ ಕಂಬದ ಬದಿಗೆ ನಿಲ್ಲಿ. ಮಕ್ಕಳು ಶೆಡ್‌ನೊಳಗೆ ಬರಬಾರದು, 'ಸ್ವಲ್ಪ ಹಿಡ್ಕೋ' ಅಂತ ಯಾರನ್ನೂ ಕರೆಯಬಾರದು. ಕೈಯಲ್ಲಿ ಹಿಡಿದು ಒತ್ತಬೇಕಾದ ಭಾಗ ಅಂದರೆ ಅದು ಸರಿಯಾಗಿ ಕೂತಿಲ್ಲ ಎಂದೇ ಅರ್ಥ.

• ಸಸ್ಪೆನ್ಶನ್ ಕಾಯಿಲ್ ಸ್ಪ್ರಿಂಗ್ ಅನ್ನು ಪ್ರೆಸ್‌ನಲ್ಲಿ ಅದುಮಬೇಡಿ. ಜಾರಿದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಬೇರೆಯೇ ಉಪಕರಣ ಇದೆ.
• ಹಿಡಿಕೆಗೆ ಉದ್ದ ಪೈಪ್ ಸೇರಿಸಿ ಬಲ ಹೆಚ್ಚಿಸಬೇಡಿ. ಜ್ಯಾಕ್‌ನ ಓವರ್‌ಲೋಡ್ ವಾಲ್ವ್ ತಿರುಗಿಸಬೇಡಿ.
• ಎಣ್ಣೆ ಚಿಮ್ಮುತ್ತಿರುವ ಜಾಗವನ್ನು ಬೆರಳಿನಿಂದ ಮುಟ್ಟಿ ಹುಡುಕಬೇಡಿ. ಅಷ್ಟು ಒತ್ತಡದ ಎಣ್ಣೆ ಚರ್ಮದೊಳಗೆ ತೂರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಬೆರಳು ಹೋಗುವ ಅಪಾಯ ಇದೆ. ತಕ್ಷಣ ಆಸ್ಪತ್ರೆಗೆ ಹೋಗಿ, ಏನಾಯಿತು ಅಂತ ಸ್ಪಷ್ಟವಾಗಿ ಹೇಳಿ.
• ಕಚ್ಚಿಕೊಂಡ ಭಾಗ ಬಿಡುವಾಗ ಢಮ್ ಎಂದು ದೊಡ್ಡ ಸದ್ದಾಗಿ ಕೆಳಗೆ ಬೀಳುತ್ತದೆ. ಚಪ್ಪಲಿಯಲ್ಲಿ ಕೆಲಸ ಮಾಡ್ಬೇಡಿ. ಕೆಳಗೆ ಮರಳು ತುಂಬಿದ ಬುಟ್ಟಿ ಇಡಿ.
• ಒತ್ತಡ ಹಾಕಿದ ಭಾಗವನ್ನು ಸುತ್ತಿಗೆಯಿಂದ ಬಡಿಯಬೇಡಿ. ಒತ್ತಡ ಹಾಗೇ ಬಿಟ್ಟು ಊಟಕ್ಕೆ ಎದ್ದುಹೋಗಬೇಡಿ.

ಮಳೆಗಾಲದ ಆರೈಕೆ

ಕೆಲಸ ಮುಗಿದ ಮೇಲೆ ರ‍್ಯಾಮ್ ಪೂರ್ತಿ ಒಳಗೆ ಹೋಗಿರಬೇಕು. ಹೊರಗೆ ಉಳಿದರೆ ನಮ್ಮ ಗಾಳಿಗೆ ತುಕ್ಕು ಹಿಡಿದು, ಮುಂದಿನ ಸಲ ಅದೇ ತುಕ್ಕು ಸೀಲ್ ಕೊಯ್ಯುತ್ತದೆ. ಫ್ರೇಮ್‌ನ ಬಣ್ಣ ಹೋದ ಕಡೆ ಕೂಡಲೇ ಪ್ರೈಮರ್ ಬಳಿಯಿರಿ, ಪಿನ್‌ಗೆ ಗ್ರೀಸ್ ಸವರಿ.

ಎಣ್ಣೆ ಕಡಿಮೆಯಾದರೆ ಜ್ಯಾಕ್‌ಗೆಂದೇ ಇರುವ ಹೈಡ್ರಾಲಿಕ್ ಆಯಿಲ್ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಸೀಲ್‌ನ ರಬ್ಬರ್ ಊದಿ ಹಾಳಾಗುತ್ತದೆ. ಎಂಜಿನ್ ಆಯಿಲ್ ಕೂಡ ಬೇಡ. ಹಿಡಿಕೆ ಸ್ಪಂಜಿನ ಹಾಗೆ ಮೆತ್ತಗಾದರೆ ಒಳಗೆ ಗಾಳಿ ಸೇರಿದೆ. ಬಿಡುಗಡೆ ವಾಲ್ವ್ ಸಡಿಲಿಸಿ ಹತ್ತಾರು ಸಲ ಪಂಪ್ ಮಾಡಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಕೊಳ್ಳುವ ಮುನ್ನ ಕೊನೆಯ ಪಟ್ಟಿ

ಒಂದು ಕಾರು, ವರ್ಷಕ್ಕೊಂದು ಕೆಲಸ: ಪ್ರೆಸ್ ಬೇಡ, ನಕಲ್ ಕಳಚಿ ಲೇತ್ ಅಂಗಡಿಗೆ ಒಯ್ಯಿರಿ.
ಬೈಕ್, ಪಂಪ್‌ಸೆಟ್, ಸಣ್ಣ ಬೇರಿಂಗ್ ಮಾತ್ರ: 6 ಟನ್ ಸಾಕು.
ಎರಡು ಮೂರು ಗಾಡಿ, ಕಡಲ ಬದಿಯ ಮನೆ: ಗೇಜ್ ಇರುವ 20 ಟನ್, 25 ಮಿ.ಮೀ. ಪಿನ್.
ಬಜೆಟ್ ಕಡಿಮೆ ಇದ್ದರೆ: ಟನ್ ಕಡಿಮೆ ಮಾಡಿ, ಫ್ರೇಮ್‌ನ ಗಟ್ಟಿತನ ಕಡಿಮೆ ಮಾಡಬೇಡಿ.
ಜಾಗ ಇಲ್ಲದಿದ್ದರೆ: ಬೋಲ್ಟ್ ತಿರುಗಿಸಿ ಎಳೆಯುವ ಬೇರಿಂಗ್ ಪುಲ್ಲರ್ ಕಿಟ್ ನೋಡಿ. ನಿಧಾನ, ಆದರೆ ಹಲವು ಕಾರುಗಳಲ್ಲಿ ನಕಲ್ ಕಳಚದೆಯೇ ಕೆಲಸ ಆಗುತ್ತದೆ.

ಪ್ರೆಸ್ ಬಂದ ದಿನವೇ ಮನೆಯ ಕಾರಿನ ಮೇಲೆ ಕೈ ಇಡಬೇಡಿ. ಗುಜರಿಯಿಂದ ಒಂದು ಹಳೆಯ ನಕಲ್ ತಂದು, ಬೇರಿಂಗ್ ತೆಗೆದು ಹಾಕಿ ಎರಡು ಮೂರು ಸಲ ಅಭ್ಯಾಸ ಮಾಡಿ. ಅಲ್ಲಿ ತಪ್ಪಾದರೆ ಹೋಗುವುದು ಗುಜರಿ ಕಬ್ಬಿಣ. ಮನೆಯ ಕಾರಿನಲ್ಲಿ ತಪ್ಪಾದರೆ ಆ ಚಕ್ರದ ಮೇಲೆ ಹೆದ್ದಾರಿ 66ರಲ್ಲಿ ಹೋಗುವವರು ನಿಮ್ಮ ಮನೆಯವರೇ.